ಕೊಬ್ಬಿಲ್ಲ ಸರಿ, ಹಾಲೆಲ್ಲಿ? ಕೊಬ್ಬುರಹಿತ ಸಬ್ಬಕ್ಕಿ ಪುಡಿಂಗ್‌ನ ವಿಮರ್ಶೆ

ಅತ್ತೆಯವರ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದು ತಿಳಿದ ಮೇಲೆ, ಕೊಬ್ಬಿನ ಪದಾರ್ಥಗಳನ್ನು ಆದಷ್ಟು ಕಡಿಮೆ ಮಾಡುವಂತೆ ವೈದ್ಯರು ಸೂಚಿಸಿದರು. ಊಟದ ವಿಷಯದಲ್ಲಿ ಅತ್ತೆ ಯಾವ ತಕರಾರೂ ಮಾಡಲಿಲ್ಲ. ಆದರೆ ಊಟವಾದ ಮೇಲೆ ಬಾಯಿಗೆ ಒಂದಿಷ್ಟು ಸಿಹಿ ಬೇಕೆನ್ನುವ ಅಭ್ಯಾಸವನ್ನು ಮಾತ್ರ ಬಿಡಲಾರೆನೆಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಹಾಗಾಗಿ ನಮ್ಮ ಮನೆಗೆ ಬಂದದ್ದು ಕೊಬ್ಬುರಹಿತ ಸಬ್ಬಕ್ಕಿ ಪುಡಿಂಗ್‌ನ ಆರು ಪುಟ್ಟ ಡಬ್ಬಿಗಳ ಒಂದು ಪೊಟ್ಟಣ. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಏಕೆಂದರೆ ಈ ಬಗೆಯ ಸಿದ್ಧ ಪುಡಿಂಗ್‌ಗಳ ಲೇಬಲ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಅಂಕಿಗಳಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಒಳಗಿನ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನನ್ನ ವಿಮರ್ಶೆ ಆ ಲೆಕ್ಕಾಚಾರವನ್ನು ಕುರಿತದ್ದು.

ಡಬ್ಬಿಯ ಮೇಲಿನ ಹಾಳೆಯನ್ನು ಸುಲಿದಾಗ ಕಣ್ಣಿಗೆ ಬೀಳುವುದು ತಿಳಿ ಕೆನೆಬಣ್ಣದ, ನುಣುಪಾದ, ಸ್ವಲ್ಪ ಹೊಳೆಯುವ ಮೇಲ್ಮೈ. ಅಂಚಿನಲ್ಲಿ ಒಂದೆರಡು ಹನಿ ನೀರು ಬಿಟ್ಟಿತ್ತು. ಚಮಚವನ್ನು ಅದ್ದಿ ಎತ್ತಿದರೆ ಪುಡಿಂಗ್ ಎಳೆಯಾಗಿ ಸುರಿಯದೆ ಮುದ್ದೆಯಾಗಿ ಕುಳಿತುಕೊಳ್ಳುತ್ತದೆ. ಸಬ್ಬಕ್ಕಿಯ ಕಾಳುಗಳು ಅಲ್ಲಲ್ಲಿ ಗಾಜಿನ ಮಣಿಗಳಂತೆ ಕಾಣುತ್ತವೆ, ಆದರೆ ನಿರೀಕ್ಷಿಸಿದಷ್ಟು ದಟ್ಟವಾಗಿ ಅಲ್ಲ. ಮೊದಲ ಚಮಚವನ್ನು ಬಾಯಿಗಿಟ್ಟುಕೊಂಡ ಅತ್ತೆ, ಕಾಳೊಂದನ್ನು ನಾಲಿಗೆಯ ಮೇಲೆ ಹೊರಳಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಹಿ ಇದೆ, ವೆನಿಲ್ಲಾ ಘಮವೂ ಇದೆ. ಹಾಲೇ ಕಾಣುವುದಿಲ್ಲವಲ್ಲಮ್ಮ" ಎಂದರು. ಕೊಬ್ಬು ತೆಗೆದಿದ್ದಾರಲ್ಲ, ಅದಕ್ಕೇ ಹಾಗೆ ಅನ್ನಿಸುತ್ತದೆಯೆಂದು ನಾನು ಸಮಾಧಾನ ಹೇಳಿದೆ. ಆಮೇಲೆ ಡಬ್ಬಿಯ ಲೇಬಲ್ಲನ್ನೂ ಒಂದು ಕಾಗದವನ್ನೂ ಮುಂದಿಟ್ಟುಕೊಂಡು ಕುಳಿತಾಗ, ಅತ್ತೆಯ ನಾಲಿಗೆ ಹೇಳಿದ್ದೇ ಸರಿ, ನನ್ನ ಸಮಾಧಾನವೇ ತಪ್ಪು ಎಂದು ಗೊತ್ತಾಯಿತು.

ಮೊದಲಿಗೆ 'ಕೊಬ್ಬುರಹಿತ' ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೊಬ್ಬು ಸೊನ್ನೆ ಎಂಬ ಅರ್ಥ ಅದಕ್ಕಿಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗದ ಪ್ರಕಾರ 100 ಗ್ರಾಂ ಪದಾರ್ಥದಲ್ಲಿ ಕೊಬ್ಬು 0.5 ಗ್ರಾಂ ಮೀರದಿದ್ದರೆ ಅದನ್ನು ಕೊಬ್ಬುರಹಿತ ಎನ್ನಬಹುದು. ಅಮೆರಿಕದ ನಿಯಮವು ಇದನ್ನೇ ಒಂದು ಬಾರಿ ಬಡಿಸುವ ಪ್ರಮಾಣಕ್ಕೆ ಅನ್ವಯಿಸಿ, ಅಷ್ಟರಲ್ಲಿ 0.5 ಗ್ರಾಂಗಿಂತ ಕಡಿಮೆ ಇರಬೇಕೆನ್ನುತ್ತದೆ. ಈ ಪುಡಿಂಗ್‌ನಲ್ಲಿ 100 ಗ್ರಾಂಗೆ ಸುಮಾರು 0.35 ಗ್ರಾಂ ಕೊಬ್ಬು ಇರುತ್ತದೆ. ಡಬ್ಬಿಯೊಂದು ಸಾಮಾನ್ಯವಾಗಿ 113 ಗ್ರಾಂ ತೂಗುವುದರಿಂದ ಒಂದು ಡಬ್ಬಿಗೆ 0.4 ಗ್ರಾಂ ಎಂದಿಟ್ಟುಕೊಳ್ಳಬಹುದು. ಎರಡು ಲೆಕ್ಕದಲ್ಲಿಯೂ ಇದು ನಿಯಮದೊಳಗೇ ಇದೆ, ಮತ್ತು ಅತ್ತೆಯಂಥವರಿಗೆ ಇಷ್ಟು ಕೊಬ್ಬಿನಿಂದ ಆತಂಕಪಡುವ ಕಾರಣವೂ ಇಲ್ಲ. ಈ ಒಂದು ಅಂಶದಲ್ಲಿ ಪದಾರ್ಥವು ಕೊಟ್ಟ ಮಾತನ್ನು ಉಳಿಸಿಕೊಂಡಿದೆ.

ಇನ್ನು ಉಳಿದ ಅಂಕಿಗಳು. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿ ಈ ಬಗೆಯ ಸಿದ್ಧ ಪುಡಿಂಗ್‌ಗೆ 100 ಗ್ರಾಂಗೆ ಸುಮಾರು 94 ಕ್ಯಾಲೊರಿ, ಸುಮಾರು 21 ಗ್ರಾಂ ಶರ್ಕರಪಿಷ್ಟ (ಅಂದರೆ ಕಾರ್ಬೋಹೈಡ್ರೇಟ್) ಮತ್ತು ಒಂದೂವರೆ ಗ್ರಾಂಗಿಂತ ತುಸು ಕಡಿಮೆ ಪ್ರೋಟೀನ್ ಎಂದಿದೆ. ಮಿಕ್ಕದ್ದರಲ್ಲಿ ಬಹುಪಾಲು, ಅಂದರೆ ಒಟ್ಟು ತೂಕದ ಮುಕ್ಕಾಲು ಭಾಗದಷ್ಟು, ನೀರು. ಡಬ್ಬಿಯ ಲೆಕ್ಕಕ್ಕೆ ತಂದರೆ ಸುಮಾರು 106 ಕ್ಯಾಲೊರಿ, 24 ಗ್ರಾಂ ಶರ್ಕರಪಿಷ್ಟ, 1.6 ಗ್ರಾಂ ಪ್ರೋಟೀನ್. ಇಂಥ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷಿಸಬಹುದು: ಶರ್ಕರಪಿಷ್ಟ ಮತ್ತು ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ ಕೊಡುತ್ತವೆ, ಕೊಬ್ಬು 9 ಕೊಡುತ್ತದೆ. 24ನ್ನು 4ರಿಂದ ಗುಣಿಸಿದರೆ 96. ಪ್ರೋಟೀನಿನಿಂದ ಆರು ಚಿಲ್ಲರೆ. ಕೊಬ್ಬಿನಿಂದ ನಾಲ್ಕಕ್ಕಿಂತ ಕಡಿಮೆ. ಕೂಡಿದರೆ 106 ಬರುತ್ತದೆ. ಲೆಕ್ಕ ಸರಿಯಾಗಿದೆ, ಆದರೆ ಸರಿಯಾದ ಈ ಲೆಕ್ಕವೇ ಪ್ರತಿ ಹತ್ತು ಕ್ಯಾಲೊರಿಯಲ್ಲಿ ಒಂಬತ್ತು ಸಕ್ಕರೆ ಮತ್ತು ಪಿಷ್ಟದಿಂದ ಬಂದವೆಂಬುದನ್ನೂ ಹೇಳುತ್ತದೆ.

ಇಲ್ಲಿ ಒಂದು ಜನಪ್ರಿಯ ಆರೋಪವನ್ನು ತಿದ್ದಬೇಕಾಗಿದೆ. ಕೊಬ್ಬು ತೆಗೆದ ತಿನಿಸುಗಳಲ್ಲಿ ಆ ಕೊರತೆಯನ್ನು ಮುಚ್ಚಲು ಸಕ್ಕರೆಯನ್ನು ಇನ್ನಷ್ಟು ಸುರಿಯುತ್ತಾರೆಂದು ನಾವೆಲ್ಲ ಕೇಳಿದ್ದೇವೆ. ಕೆಲವು ತಿನಿಸುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಇದೇ ಪುಡಿಂಗ್‌ನ ಸಾಮಾನ್ಯ ರೂಪದಲ್ಲಿ 100 ಗ್ರಾಂಗೆ ಸುಮಾರು 130 ಕ್ಯಾಲೊರಿ, ಸುಮಾರು 4 ಗ್ರಾಂ ಕೊಬ್ಬು ಇದ್ದು, ಶರ್ಕರಪಿಷ್ಟ ಮಾತ್ರ ಅಲ್ಲಿಯೂ 21ರಿಂದ 22 ಗ್ರಾಂ ಆಸುಪಾಸಿನಲ್ಲೇ ಇದೆ. ಅಂದರೆ ಕೊಬ್ಬುರಹಿತ ರೂಪಕ್ಕೆ ಹೊಸದಾಗಿ ಸಕ್ಕರೆ ಬೆರೆಸಿದ್ದಾರೆಂದು ದೂರುವಂತಿಲ್ಲ. ಸಕ್ಕರೆ ಮೊದಲಿನಿಂದಲೂ ಅಷ್ಟೇ ಇತ್ತು. ಒಂದು ಡಬ್ಬಿಯಲ್ಲಿ ಉಳಿತಾಯವಾಗುವುದು ಸುಮಾರು 40 ಕ್ಯಾಲೊರಿ, ಮತ್ತು ಅದು ಬಹುಮಟ್ಟಿಗೆ ಕೊಬ್ಬಿನ ಲೆಕ್ಕದಿಂದಲೇ ಬಂದ ಉಳಿತಾಯ. ತೂಕ ಇಳಿಸುವ ಆಸೆಯಿಂದ ಇದನ್ನು ಕೊಳ್ಳುವವರು ಆ 40ರ ಗಾತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 'ಕೊಬ್ಬಿಲ್ಲ' ಎಂಬ ಧೈರ್ಯದಲ್ಲಿ ಎರಡನೆಯ ಡಬ್ಬಿಗೆ ಕೈಹಾಕಿದರೆ ಉಳಿಸಿದ್ದು ಅಲ್ಲಿಗೇ ಕರಗಿ ಮೇಲೆ ಸಾಲವೂ ಆಗುತ್ತದೆ.

ಸಕ್ಕರೆಯ ಪ್ರಮಾಣವಂತೂ ಸಣ್ಣದಲ್ಲ. ಒಟ್ಟು ಶರ್ಕರಪಿಷ್ಟದಲ್ಲಿ ಸುಮಾರು ಮೂರನೇ ಎರಡು ಭಾಗ ಸಕ್ಕರೆಗಳೇ. ಡಬ್ಬಿಗೆ 16-17 ಗ್ರಾಂ ಎಂದಿಟ್ಟುಕೊಳ್ಳೋಣ. ಅದರಲ್ಲಿ ಎರಡು, ಎರಡೂವರೆ ಗ್ರಾಂನಷ್ಟು ಹಾಲಿನಲ್ಲೇ ಇರುವ ಲ್ಯಾಕ್ಟೋಸ್. ಉಳಿದ 14 ಗ್ರಾಂನಷ್ಟು ಹೊರಗಿನಿಂದ ಸೇರಿಸಿದ್ದು, ಅಂದರೆ ಮೂರೂವರೆ ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೀಗೆ ಸೇರಿಸಿದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಸಾಧ್ಯವಾದರೆ ಶೇ. 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಆ ಎರಡನೆಯ ಮಿತಿ 25 ಗ್ರಾಂ ಆಗುತ್ತದೆ. ಆರೇಳು ಚಮಚಕ್ಕೆ ಮುಗಿದುಹೋಗುವ ಒಂದು ಡಬ್ಬಿ ಅದರ ಅರ್ಧಕ್ಕಿಂತ ಹೆಚ್ಚನ್ನು ತೆಗೆದುಕೊಂಡಿರುತ್ತದೆ.

ಈಗ ಪ್ರೋಟೀನಿನ ವಿಷಯಕ್ಕೆ ಬರುತ್ತೇನೆ. ಇಡೀ ಲೇಬಲ್‌ನಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಸಾಲು ಇದು; ಇದನ್ನು ಓದುವವರು ಮಾತ್ರ ಕಡಿಮೆ. ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬಹುದು, ಒಣ ಕಾಳಿನ 100 ಗ್ರಾಂನಲ್ಲಿ ಅದು ಕಾಲು ಗ್ರಾಂ ಕೂಡ ಇರುವುದಿಲ್ಲ. ಸಕ್ಕರೆಯಲ್ಲಿ ಅದು ಇಲ್ಲವೇ ಇಲ್ಲ. ಹೀಗಿರುವಾಗ ಮೊಟ್ಟೆ ಬಳಸದ ಡಬ್ಬಿಯ ಪುಡಿಂಗ್‌ನಲ್ಲಿ ಕಾಣುವ ಪ್ರೋಟೀನ್ ಹಾಲಿನಿಂದಲೇ ಬಂದಿರಬೇಕು. ಹಾಗಾಗಿ ಅದು ಹಾಲಿನ ಹೆಜ್ಜೆಗುರುತು. ಕೆನೆ ತೆಗೆದ ಹಾಲಿನ 100 ಗ್ರಾಂನಲ್ಲಿ ಸುಮಾರು 3.4 ಗ್ರಾಂ ಪ್ರೋಟೀನ್ ಇರುತ್ತದೆ. ಪುಡಿಂಗ್‌ನ 100 ಗ್ರಾಂನಲ್ಲಿ ಇರುವುದು ಒಂದೂವರೆ ಗ್ರಾಂಗಿಂತ ಕಡಿಮೆ. ಭಾಗಿಸಿ ನೋಡಿದರೆ, ಈ ಪುಡಿಂಗ್‌ನಲ್ಲಿ ಹಾಲಿನ ಪಾಲು ನೂರಕ್ಕೆ 42ರಷ್ಟು ಮಾತ್ರ, ಅರ್ಧವೂ ಇಲ್ಲ. ಮಿಕ್ಕದ್ದು ನೀರು, ಸಕ್ಕರೆ, ಪಿಷ್ಟ. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕುವ ನಿಯಮವಿರುವುದರಿಂದ, ಪಟ್ಟಿಯಲ್ಲಿ ಹಾಲಿಗಿಂತ ಮೊದಲು 'ನೀರು' ಎಂದು ಕಂಡರೆ ಈ ಭಾಗಾಕಾರದ ತೊಂದರೆಯೂ ಬೇಕಿಲ್ಲ. ನಾವು ತಂದ ಡಬ್ಬಿಯ ಪಟ್ಟಿ ಶುರುವಾದದ್ದೇ ನೀರಿನಿಂದ. "ಹಾಲೇ ಕಾಣುವುದಿಲ್ಲವಲ್ಲಮ್ಮ" ಎಂದ ಅತ್ತೆ ಲೇಬಲ್ ಓದಿರಲಿಲ್ಲ, ಕನ್ನಡಕವನ್ನೂ ಹಾಕಿರಲಿಲ್ಲ.

ಹೆಸರನ್ನು ಕೊಟ್ಟ ಸಬ್ಬಕ್ಕಿಯ ಪಾಲೆಷ್ಟು ಎಂಬ ಕುತೂಹಲವೂ ನನಗೆ ತಡೆಯಲಾಗಲಿಲ್ಲ. ಒಂದು ಡಬ್ಬಿಯನ್ನು ಪೂರ್ತಿಯಾಗಿ ಜರಡಿಗೆ ಸುರಿದು, ನಲ್ಲಿಯ ಸಣ್ಣ ಧಾರೆಯ ಕೆಳಗೆ ಹಿಡಿದು, ಮೆಲ್ಲಗೆ ಆಡಿಸುತ್ತ ಬಂದೆ. ಕೆನೆಬಣ್ಣದ ಮುದ್ದೆಯೆಲ್ಲ ಕರಗಿ ಹರಿದುಹೋದ ಮೇಲೆ ತಳದಲ್ಲಿ ಉಳಿದದ್ದು ಒಂದು ದೊಡ್ಡ ಚಮಚವನ್ನು ತುಂಬುವಷ್ಟು ಕಾಳುಗಳು, ಅವೂ ನೀರು ಕುಡಿದು ಉಬ್ಬಿದವು. ಹಾಗಾದರೆ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದ್ದು ಸಬ್ಬಕ್ಕಿಯಲ್ಲ. ಪಟ್ಟಿಯಲ್ಲಿ 'ಮಾರ್ಪಡಿಸಿದ ಪಿಷ್ಟ' ಎಂಬ ಹೆಸರಿನಲ್ಲಿ ಕುಳಿತಿರುವ ಇನ್ನೊಂದು ಪದಾರ್ಥ. ಸಾಮಾನ್ಯ ಪಿಷ್ಟದ ಗಂಜಿ ತಣ್ಣಗಾಗಿ ದಿನಗಳು ಕಳೆದಂತೆ ಅದರ ಅಣುಗಳು ಮತ್ತೆ ಒತ್ತಾಗಿ ಸೇರಿಕೊಂಡು ಹಿಡಿದಿಟ್ಟ ನೀರನ್ನು ಹೊರಕ್ಕೆ ಬಿಡುತ್ತವೆ. ಅದನ್ನು ತಡೆಯುವುದಕ್ಕಾಗಿಯೇ ಪಿಷ್ಟವನ್ನು ಮಾರ್ಪಡಿಸುತ್ತಾರೆ. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಆದರೆ ಪೋಷಣೆಯ ದೃಷ್ಟಿಯಿಂದ ನೋಡಿದರೆ, ಕಾಳಿನಲ್ಲಿರುವ ಪಿಷ್ಟವಾಗಲಿ ಮಾರ್ಪಡಿಸಿದ ಪಿಷ್ಟವಾಗಲಿ ಕೊಡುವುದು ಹೆಚ್ಚೂಕಡಿಮೆ ಒಂದನ್ನೇ, ಅಂದರೆ ಬೇಗ ಜೀರ್ಣವಾಗುವ ಶಕ್ತಿಯನ್ನು.

ಸಬ್ಬಕ್ಕಿಯ ಸ್ವಭಾವವೇ ಅಂಥದ್ದು. ದಕ್ಷಿಣ ಅಮೆರಿಕದ ಮೂಲದ ಮರಗೆಣಸನ್ನು ಅರೆದು, ತೊಳೆದು, ನಾರನ್ನೂ ರಸವನ್ನೂ ಬೇರ್ಪಡಿಸಿ, ತಳಕ್ಕೆ ಇಳಿದ ಪಿಷ್ಟವನ್ನಷ್ಟೇ ಕಾಳುಗಟ್ಟಿಸಿದರೆ ಸಬ್ಬಕ್ಕಿಯಾಗುತ್ತದೆ. ಗೆಡ್ಡೆಯಲ್ಲಿ ಸಹಜವಾಗಿರುವ ಸಯನೈಡ್ ಬಿಡುಗಡೆ ಮಾಡುವ ಅಂಶಗಳನ್ನು ಹೊರಹಾಕುವುದು ಈ ತೊಳೆಯುವಿಕೆಯೇ. ಅದರೊಂದಿಗೆ ಗೆಡ್ಡೆಯ ಅಲ್ಪಸ್ವಲ್ಪ ವಿಟಮಿನ್‌ಗಳೂ ಹೊರಟುಹೋಗುತ್ತವೆ. ಸಬ್ಬಕ್ಕಿಯನ್ನು ಒಂದು ಬಗೆಯ ಧಾನ್ಯವೆಂದು ತಿಳಿದವರು ಇಂದಿಗೂ ಇದ್ದಾರೆ, ಹೆಸರಿನಲ್ಲೇ 'ಅಕ್ಕಿ' ಇರುವಾಗ ಅವರನ್ನು ದೂರುವುದು ಹೇಗೆ? ಆದರೆ ಒಣ ಸಬ್ಬಕ್ಕಿಯ 100 ಗ್ರಾಂನಲ್ಲಿ ಸುಮಾರು 89 ಗ್ರಾಂ ಶರ್ಕರಪಿಷ್ಟವೇ, ನಾರು ಒಂದು ಗ್ರಾಂ ಮುಟ್ಟುವುದಿಲ್ಲ, ಸ್ವಲ್ಪ ಕಬ್ಬಿಣವನ್ನು ಬಿಟ್ಟರೆ ಹೇಳಿಕೊಳ್ಳುವಂಥ ಖನಿಜವೂ ಇಲ್ಲ. ಅದರ ನಿಜವಾದ ಗುಣ ಬೇರೆಯದು: ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಅದರಲ್ಲಿ ಇಲ್ಲ. ಗೋಧಿ ಒಗ್ಗದವರಿಗೆ ಸಿಹಿತಿನಿಸುಗಳ ಸಾಲಿನಲ್ಲಿ ಉಳಿಯುವ ಕೆಲವೇ ಆಯ್ಕೆಗಳಲ್ಲಿ ಇದೂ ಒಂದು. ಆದರೂ ಮಾರ್ಪಡಿಸಿದ ಪಿಷ್ಟವನ್ನು ಯಾವ ಬೆಳೆಯಿಂದ ತೆಗೆದರೆಂಬುದನ್ನು ಅಂಥವರು ಲೇಬಲ್‌ನಲ್ಲಿ ನೋಡಿಕೊಳ್ಳಬೇಕು.

ಸೋಡಿಯಂ ವಿಷಯ ಅನೇಕರಿಗೆ ಅನಿರೀಕ್ಷಿತವೆನಿಸಬಹುದು, ನನಗಂತೂ ಎನಿಸಿತು. ಸಿಹಿ ತಿನಿಸಿನಲ್ಲಿ ಉಪ್ಪನ್ನು ಯಾರೂ ಹುಡುಕುವುದಿಲ್ಲ. ಆದರೆ ಈ ಬಗೆಯ ಡಬ್ಬಿಯೊಂದರಲ್ಲಿ 150ರಿಂದ 200 ಮಿಲಿಗ್ರಾಂ ಆಸುಪಾಸಿನ ಸೋಡಿಯಂ ಇರುವುದು ಸಾಮಾನ್ಯ. ರುಚಿಗೆ ಸೇರಿಸಿದ ಉಪ್ಪು ಅದರ ಒಂದು ಮೂಲವಾದರೆ, ಪುಡಿಂಗ್‌ನ ಹದ ಕೆಡದಂತೆ ಬಳಸುವ ಸೋಡಿಯಂ ಲವಣಗಳು ಇನ್ನೊಂದು. ಪುಡಿಯ ರೂಪದಲ್ಲಿ ಬಂದು ತಣ್ಣನೆಯ ಹಾಲಿನಲ್ಲೇ ಗಟ್ಟಿಯಾಗುವ ದಿಢೀರ್ ಪುಡಿಂಗ್‌ಗಳಲ್ಲಿ ಸೋಡಿಯಂ ಫಾಸ್ಫೇಟ್‌ಗಳನ್ನು ಬಳಸುವುದರಿಂದ ಈ ಪ್ರಮಾಣ ಇನ್ನೂ ಮೇಲಕ್ಕೆ ಹೋಗುತ್ತದೆ. ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ ಇರುವವರು ಅದರ ಹತ್ತನೇ ಒಂದು ಭಾಗವನ್ನು ಊಟದ ಕೊನೆಯ ಸಿಹಿಗೆ ಕೊಡಬೇಕೇ ಎಂದು ಯೋಚಿಸುವುದು ನ್ಯಾಯವೇ. ನಾರಿನ ಸಾಲಿನಲ್ಲಿ ಸೊನ್ನೆ ಇದೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ.

ವಿಟಮಿನ್‌ಗಳ ಬಗ್ಗೆ ಒಂದು ಮಾತು. ಎ, ಡಿ, ಇ ಮತ್ತು ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು. ಹಾಲಿನ ಕೆನೆ ತೆಗೆದಾಗ ಅದರಲ್ಲಿದ್ದ ಎ ವಿಟಮಿನ್ ಮತ್ತು ಇದ್ದಷ್ಟು ಡಿ ವಿಟಮಿನ್ ಕೂಡ ಕೆನೆಯ ಜೊತೆ ಹೋಗುತ್ತವೆ. ಕೆಲವು ತಯಾರಕರು ಅವನ್ನು ಮತ್ತೆ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಕ್ಯಾಲ್ಸಿಯಂ ಹಾಗಲ್ಲ, ಅದು ಕೆನೆಯೊಂದಿಗೆ ಹೋಗದೆ ಹಾಲಿನಲ್ಲೇ ಉಳಿಯುತ್ತದೆ. ಹಾಗಾಗಿ ಈ ಪುಡಿಂಗ್‌ನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಅದಕ್ಕೆ ಕೊಬ್ಬು ತೆಗೆದದ್ದು ಕಾರಣವಲ್ಲ, ಹಾಲು ಕಡಿಮೆ ಹಾಕಿದ್ದು ಕಾರಣ. ಮೇಲಿನ ಲೆಕ್ಕದಂತೆ ಡಬ್ಬಿಯೊಂದರಲ್ಲಿ 47 ಗ್ರಾಂನಷ್ಟು ಹಾಲು ಇದೆಯೆಂದರೆ, ಅದರಿಂದ ಸಿಗುವ ಕ್ಯಾಲ್ಸಿಯಂ 60 ಮಿಲಿಗ್ರಾಂ ಸುತ್ತಮುತ್ತ. ಅರ್ಧ ಲೋಟ ಹಾಲು ಇದರ ಎರಡು ಪಟ್ಟನ್ನು ಸಲೀಸಾಗಿ ಕೊಡುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಒಂದು ಹೋಲಿಕೆ ಮಾಡದಿದ್ದರೆ ಅನ್ಯಾಯವಾದೀತೆಂದು, ಮರುದಿನ ನಾನೇ ಒಲೆಯ ಮುಂದೆ ನಿಂತೆ. ಅರ್ಧ ಲೀಟರ್ ಕೆನೆ ತೆಗೆದ ಹಾಲು, 50 ಗ್ರಾಂ ಸಬ್ಬಕ್ಕಿ, 50 ಗ್ರಾಂ ಸಕ್ಕರೆ, ಇಷ್ಟೇ. ಸಬ್ಬಕ್ಕಿಯನ್ನು ಆ ಹಾಲಿನ ಒಂದು ಭಾಗದಲ್ಲೇ ಅರ್ಧ ಗಂಟೆ ನೆನೆಸಿ, ಉಳಿದ ಹಾಲು ಕಾದ ಮೇಲೆ ಅದಕ್ಕೆ ಸೇರಿಸಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತ, ಕಾಳಿನ ನಡುವಿನ ಬಿಳಿ ಚುಕ್ಕೆ ಮಾಯವಾಗುವವರೆಗೆ ಬೇಯಿಸಿದೆ. ಕೆನೆ ತೆಗೆದ ಹಾಲು ಬಹು ಬೇಗ ತಳ ಹಿಡಿಯುತ್ತದೆ, ಒಂದು ನಿಮಿಷ ಕಣ್ಣು ತಪ್ಪಿದರೂ ಸೀದ ವಾಸನೆ ಪೂರ್ತಿ ಪಾತ್ರೆಗೆ ಹರಡುತ್ತದೆ. ಕೊನೆಗೆ ಸಕ್ಕರೆ ಬೆರೆಸಿ ಇಳಿಸಿ ತೂಗಿದಾಗ 550 ಗ್ರಾಂ ಬಂತು. ಅದನ್ನು ಐದು ಬಟ್ಟಲುಗಳಿಗೆ ಹಂಚಿದರೆ ಒಂದೊಂದರಲ್ಲಿ 110 ಗ್ರಾಂ, ಅಂದರೆ ಹೆಚ್ಚುಕಡಿಮೆ ಡಬ್ಬಿಯಷ್ಟೇ.

ಈಗ ಲೆಕ್ಕ ನೋಡಿ. ಒಂದು ಬಟ್ಟಲಿಗೆ ಸುಮಾರು 110 ಕ್ಯಾಲೊರಿ ಮತ್ತು 24 ಗ್ರಾಂ ಶರ್ಕರಪಿಷ್ಟ, ಎರಡೂ ಡಬ್ಬಿಯ ಪುಡಿಂಗ್‌ಗೆ ಸಮ. ಕೊಬ್ಬು ಇಲ್ಲಿಯೂ ಅರ್ಧ ಗ್ರಾಂಗಿಂತ ಎಷ್ಟೋ ಕಡಿಮೆ, ಹಾಗಾಗಿ ನಿಯಮದ ಪ್ರಕಾರ ಇದೂ ಕೊಬ್ಬುರಹಿತವೇ. ಆದರೆ ಪ್ರೋಟೀನ್ 1.6ರ ಬದಲು ಸುಮಾರು 3.5 ಗ್ರಾಂ, ಕ್ಯಾಲ್ಸಿಯಂ ಸುಮಾರು 120 ಮಿಲಿಗ್ರಾಂ, ಸೇರಿಸಿದ ಸಕ್ಕರೆ 14ರ ಬದಲು 10 ಗ್ರಾಂ, ಸೋಡಿಯಂ 40 ಮಿಲಿಗ್ರಾಂ ಆಸುಪಾಸು. ಕ್ಯಾಲೊರಿಯ ಸಾಲು ಒಂದನ್ನೇ ಓದುವವರಿಗೆ ಎರಡೂ ಅವಳಿಜವಳಿಯಂತೆ ಕಾಣುತ್ತವೆ. ಉಳಿದ ಸಾಲುಗಳನ್ನು ಓದಿದರೆ ಒಂದು ಹಾಲಿನ ತಿನಿಸು, ಇನ್ನೊಂದು ಹಾಲು ತೋರಿಸಿದ ಸಿಹಿ ಗಂಜಿ. ಬೇಯುತ್ತಿರುವಾಗ 15 ಗ್ರಾಂ ಕೆನೆರಹಿತ ಹಾಲಿನ ಪುಡಿಯನ್ನು ಗಂಟುಕಟ್ಟದಂತೆ ಕಲಸಿ ಸೇರಿಸಿದರೆ ಇಡೀ ಪಾತ್ರೆಗೆ ಇನ್ನೂ 5 ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ, ಪುಡಿಂಗ್ ಕೂಡ ತುಸು ದಟ್ಟವಾಗುತ್ತದೆ. ಎರಡನೆಯ ಸಲ ನಾನು ಹಾಗೆಯೇ ಮಾಡಿದೆ.

ಡಬ್ಬಿಯ ಪುಡಿಂಗ್‌ಗೆ ಸಲ್ಲಬೇಕಾದದ್ದನ್ನೂ ಹೇಳಬೇಕು. ಕೊಬ್ಬಿಲ್ಲದೆ ಇಷ್ಟು ನುಣುಪನ್ನು ತರುವುದು ಸುಲಭದ ಕೆಲಸವಲ್ಲ. ಮನೆಯಲ್ಲಿ ಮಾಡಿದ್ದು ಮಾರನೆಯ ದಿನಕ್ಕೆ ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗಿತ್ತು, ಡಬ್ಬಿಯದು ವಾರಗಳ ನಂತರವೂ ಚಮಚಕ್ಕೆ ಮೃದುವಾಗಿಯೇ ಸಿಗುತ್ತದೆ. ಅಳತೆ ನಿಗದಿಯಾಗಿರುವುದೂ ಒಂದು ಅನುಕೂಲ, ಏಕೆಂದರೆ ಪಾತ್ರೆಯಿಂದ ಬಡಿಸಿಕೊಳ್ಳುವಾಗ ಕೈ ಸ್ವಲ್ಪ ಧಾರಾಳವಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ರುಚಿಯಲ್ಲಿ ಮಾತ್ರ ಒಂದು ಕೊರತೆ ಉಳಿಯುತ್ತದೆ. ವೆನಿಲ್ಲಾದಂಥ ಪರಿಮಳಗಳನ್ನು ಹಿಡಿದಿಟ್ಟು ಬಾಯಿಯಲ್ಲಿ ನಿಧಾನವಾಗಿ ಬಿಡುವುದು ಕೊಬ್ಬಿನ ಕೆಲಸ; ಅದಿಲ್ಲದಾಗ ಘಮವೆಲ್ಲ ಮೊದಲ ಕ್ಷಣಕ್ಕೇ ಎದ್ದು ಹೋಗಿ, ಹಿಂದೆ ಬರೀ ಸಿಹಿ ಉಳಿಯುತ್ತದೆ. ಈ ಕೊರತೆ ಮನೆಯ ಪುಡಿಂಗ್‌ಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮಧುಮೇಹ ಇರುವವರು 'ಕೊಬ್ಬುರಹಿತ' ಎಂಬ ಅಕ್ಷರಗಳನ್ನು ನೋಡಿ ಇದನ್ನು ಎತ್ತಿಕೊಳ್ಳಬಾರದು. ಆಹಾರವು ಹೊಟ್ಟೆಯಿಂದ ಮುಂದೆ ಸಾಗುವ ವೇಗವನ್ನು ಕೊಬ್ಬು, ನಾರು ಮತ್ತು ಪ್ರೋಟೀನ್ ತಗ್ಗಿಸುತ್ತವೆ; ಇಲ್ಲಿ ಮೂರೂ ಇಲ್ಲ ಅಥವಾ ಅತ್ಯಲ್ಪ. ಬೇಗ ಜೀರ್ಣವಾಗುವ ಪಿಷ್ಟವೂ ಸಕ್ಕರೆಯೂ ಮಾತ್ರ ಉಳಿದಾಗ ರಕ್ತದಲ್ಲಿ ಗ್ಲೂಕೋಸ್ ಏರುವ ವೇಗ ಹೆಚ್ಚು. ಸಕ್ಕರೆಯ ಬದಲು ಸುಕ್ರಲೋಸ್‌ನಂಥ ಸಿಹಿಕಾರಕ ಹಾಕಿದ ರೂಪಗಳೂ ಸಿಗುತ್ತವೆ, ಅವುಗಳಲ್ಲಿ ಕ್ಯಾಲೊರಿ ಗಣನೀಯವಾಗಿ ಕಡಿಮೆ; ಆದರೆ ಸಬ್ಬಕ್ಕಿಯ ಪಿಷ್ಟ ಅಲ್ಲಿಯೂ ಇರುತ್ತದೆ, ಅದನ್ನು ಲೆಕ್ಕದಿಂದ ಬಿಡುವಂತಿಲ್ಲ. ಹಾಲಿನ ಅಲರ್ಜಿ ಇರುವವರಿಗೆ, ಹಾಲು ಎಷ್ಟೇ ತೆಳುವಾಗಿರಲಿ, ಇದು ಸಲ್ಲದು.

ಪಿತ್ತಕೋಶದ ಕಾರಣಕ್ಕೋ ಬೇರೆ ಕಾರಣಕ್ಕೋ ಕೊಬ್ಬನ್ನು ನಿಜವಾಗಿ ದೂರ ಇಡಬೇಕಾದವರು, ಪ್ರಯಾಣದಲ್ಲೋ ಆಸ್ಪತ್ರೆಯ ಕೋಣೆಯಲ್ಲೋ ಇದ್ದಾಗ ಇದನ್ನು ಕೊಳ್ಳಬಹುದು. ದಿನವೂ ಫ್ರಿಜ್‌ನಲ್ಲಿ ಇಟ್ಟುಕೊಳ್ಳಲು ನಾನು ಹೇಳುವುದಿಲ್ಲ. ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ, ಆ ಅರ್ಧ ಅಂಕ ನುಣುಪಿಗೆ. ಪೊಟ್ಟಣದ ಆರರಲ್ಲಿ ಒಂದನ್ನು ಅತ್ತೆ ತಿಂದರು, ಒಂದು ಜರಡಿಯ ಪಾಲಾಯಿತು, ಎರಡನ್ನು ಮಕ್ಕಳು ಕೇಳದೆಯೇ ಮುಗಿಸಿದರು. ಉಳಿದ ಎರಡು ಇನ್ನೂ ಫ್ರಿಜ್‌ನ ಹಿಂಬದಿಯಲ್ಲಿವೆ. ಅವುಗಳ ಮುಂದೆ ಅತ್ತೆಯ ಬಟ್ಟಲು, ಮುಚ್ಚಳ ಹಾಕಿದ್ದು, ರಾತ್ರಿಯ ಊಟಕ್ಕೆ.